ಮೂರನೆಯ ಭಾಷೆ: ಕಡ್ಡಾಯ ಯಾರಿಗೆ?

ಹುಬ್ಬಳ್ಳಿಯ ದುರ್ಗದ ಬೈಲಿನಲ್ಲಿ ಸಂಜೆಯ ಹೊತ್ತು ಅರ್ಧ ತಾಸು ನಿಂತು ಕಿವಿಗೊಟ್ಟವರಿಗೆ ಬಹುಭಾಷಾ ಪಾಂಡಿತ್ಯವೆಂದರೇನೆಂದು ಪುಸ್ತಕದಿಂದ ತಿಳಿಯಬೇಕಾದ ಅಗತ್ಯವಿಲ್ಲ. ಬಳೆಯ ವ್ಯಾಪಾರಿ ಗಿರಾಕಿಯೊಡನೆ ಕನ್ನಡದಲ್ಲಿ ಚೌಕಾಶಿ ಮಾಡುತ್ತಾನೆ. ಪಕ್ಕದ ಅಂಗಡಿಯವನೊಡನೆ ದಖನಿ ಉರ್ದುವಿನಲ್ಲಿ ನಗೆಯಾಡುತ್ತಾನೆ. ದೂರದಿಂದ ಮಾಲು ತಂದ ವರ್ತಕನಿಗೆ ಹಿಂದಿಯಲ್ಲಿ ಲೆಕ್ಕ ಒಪ್ಪಿಸುತ್ತಾನೆ. ಬೆಳಗಾವಿಯ ಕಡೆಯ ಹೆಣ್ಣುಮಗಳು ಬಂದರೆ ನಾಲ್ಕು ಮಾತು ಮರಾಠಿಯನ್ನೂ ಆಡುತ್ತಾನೆ. ಇವನು ಯಾವ ಸಾಲೆಯಲ್ಲಿ ಇವನ್ನೆಲ್ಲ ಕಲಿತನು? ಯಾವ ಸರಕಾರ ಇವನಿಗೆ ಇವುಗಳನ್ನು ಕಡ್ಡಾಯ ಮಾಡಿತ್ತು? ಹೊಟ್ಟೆ ಕಲಿಸಿತು, ನೆರೆಹೊರೆ ಕಲಿಸಿತು, ಬದುಕು ಕಲಿಸಿತು.

ಇನ್ನು ಅದೇ ಊರಿನ ಸಾಲೆಯ ಹುಡುಗನನ್ನು ನೋಡೋಣ. ಆರನೆಯ ಇಯತ್ತೆಯಿಂದ ಹತ್ತನೆಯದರವರೆಗೆ ಐದು ವರುಷ ಅವನು ಹಿಂದಿಯನ್ನು ಮೂರನೆಯ ಭಾಷೆಯೆಂದು ಓದಿದ್ದಾನೆ. “ಏನಪಾ ತಮ್ಮಾ, ಹಿಂದಿ ಬರತೈತೇನು?” ಎಂದು ಕೇಳಿದರೆ, “ಪರೀಕ್ಷಾದಾಗ ಬರತೈತ್ರಿ, ಮಾತಾಡಾಕ ಬರಂಗಿಲ್ರಿ” ಎಂಬ ಉತ್ತರ ಬರುತ್ತದೆ. ಈ ಉತ್ತರದಲ್ಲಿ ವಿನೋದವಿದೆ, ವಿಷಾದವೂ ಇದೆ. ಒಂದು ಮಗುವಿನ ಐದು ವರುಷದ ಪಾಠದ ಹೊತ್ತನ್ನು ನಾವು ತೆಗೆದುಕೊಂಡಿದ್ದೇವೆ. ಪ್ರತಿಯಾಗಿ ಅದಕ್ಕೆ ಕೊಟ್ಟದ್ದು ಒಂದು ಭಾಷೆಯನ್ನಲ್ಲ, ಒಂದು ಉತ್ತರಪತ್ರಿಕೆಯನ್ನು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು.

ಹಾಗಾದರೆ ಮಕ್ಕಳಿಗೆ ಮೂರನೆಯದೊಂದು ಭಾಷೆಯನ್ನು ಸಾಲೆಯಲ್ಲಿ ಕಡ್ಡಾಯವಾಗಿ ಕಲಿಸಬೇಕೆ, ಬೇಡವೆ? ಈ ಪ್ರಶ್ನೆ ಹಳೆಯದಾದರೂ ಈಗ ಮತ್ತೆ ಬಿಸಿಯೇರಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರು ಭಾಷೆಗಳ ಸೂತ್ರವನ್ನು ಉಳಿಸಿಕೊಂಡು, ಅವುಗಳಲ್ಲಿ ಎರಡಾದರೂ ಭಾರತೀಯ ಭಾಷೆಗಳಾಗಿರಬೇಕೆಂದೂ, ಯಾವ ರಾಜ್ಯದ ಮೇಲೂ ಯಾವ ಭಾಷೆಯನ್ನೂ ಹೇರುವುದಿಲ್ಲವೆಂದೂ ಹೇಳಿತು. ಕರ್ನಾಟಕ ಸರಕಾರವು ಪ್ರಾಧ್ಯಾಪಕ ಸುಖದೇವ ಥೋರಾಟ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ರಾಜ್ಯ ಶಿಕ್ಷಣ ನೀತಿ ಆಯೋಗವು ೨೦೨೫ರ ಆಗಸ್ಟ್ ತಿಂಗಳಲ್ಲಿ ವರದಿಯನ್ನೊಪ್ಪಿಸಿ, ಕನ್ನಡ ಅಥವಾ ಮಾತೃಭಾಷೆ ಮತ್ತು ಇಂಗ್ಲಿಷ್ ಎಂಬ ಎರಡೇ ಭಾಷೆಗಳು ಸಾಕೆಂದು ಶಿಫಾರಸು ಮಾಡಿತು. ಒಂದು ಕಡೆ “ಮೂರೂ ಇರಲಿ” ಎನ್ನುವವರು. ಮತ್ತೊಂದು ಕಡೆ “ಎರಡೇ ಸಾಕು” ಎನ್ನುವವರು. ನಡುವೆ ಪಾಟೀಚೀಲ ಹೊತ್ತ ಮಗು.

ಈ ವಾದದಲ್ಲಿ ಇಬ್ಬರೂ ಒಂದು ಮಾತನ್ನು ಕೇಳದೆ ಬಿಟ್ಟಿದ್ದಾರೆಂದು ನನಗನಿಸುತ್ತದೆ. ಕಡ್ಡಾಯವೆನ್ನುತ್ತೇವಲ್ಲ, ಆ ಕಡ್ಡಾಯ ಯಾರಿಗೆ? ಕಲಿಯುವ ಮಗುವಿಗೋ, ಕಲಿಸುವ ಸಾಲೆಗೋ? ಈ ಭೇದವನ್ನು ಮೊದಲು ಸ್ಪಷ್ಟಪಡಿಸಿಕೊಂಡರೆ ಜಗಳದ ಅರ್ಧ ಭಾಗ ತಾನಾಗಿಯೇ ಇಳಿಯುವುದೆಂಬುದನ್ನು ಈ ಲೇಖನದಲ್ಲಿ ತೋರಿಸಲು ಯತ್ನಿಸಿದ್ದೇನೆ.

ಧಾರವಾಡ ಕಂಡ ಕಡ್ಡಾಯಗಳು

ಕಡ್ಡಾಯದ ರುಚಿಯನ್ನು ನಮ್ಮ ಅವಳಿ ನಗರದಷ್ಟು ಬಲ್ಲ ಊರುಗಳು ಕನ್ನಡನಾಡಿನಲ್ಲಿ ವಿರಳ. ೧೮೧೮ರಲ್ಲಿ ಪೇಶವೆಯರ ಆಳಿಕೆ ಮುಗಿದು ಈ ಪ್ರದೇಶ ಇಂಗ್ಲಿಷರ ವಶವಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. ಆಳುವವರು ಬದಲಾದರೂ ಕಚೇರಿಯ ಮಾತು ಬದಲಾಗಲಿಲ್ಲ. ಅದು ಮರಾಠಿಯಾಗಿಯೇ ಉಳಿಯಿತು. ಕಚೇರಿಯ ಹಿಂದೆ ಸಾಲೆಯೂ ನಡೆಯಿತು. ಮನೆಯಲ್ಲಿ ಕನ್ನಡವಾಡುವ ಮಗು ಸಾಲೆಯ ಹೊಸ್ತಿಲು ದಾಟಿದೊಡನೆ ಮರಾಠಿ ಓದಬೇಕಾಯಿತು. ಈ ಸ್ಥಿತಿಯನ್ನು ತಿರುಗಿಸಿದವರಲ್ಲಿ ಡೆಪ್ಯುಟಿ ಚನ್ನಬಸಪ್ಪನವರ ಹೆಸರು ಮುಖ್ಯವಾದುದು. ೧೮೩೪ರಲ್ಲಿ ಹುಟ್ಟಿ ೧೮೮೧ರಲ್ಲಿ ತೀರಿಕೊಂಡ ಈ ಮಹನೀಯರು ವಿದ್ಯಾಖಾತೆಯ ಅಧಿಕಾರಿಗಳಾಗಿ ಹಳ್ಳಿ ಹಳ್ಳಿ ತಿರುಗಿ ಕನ್ನಡ ಸಾಲೆಗಳನ್ನು ತೆರೆಯಿಸಿದರು. ಮರಾಠಿ ಸಾಲೆಗಳನ್ನು ಕನ್ನಡಕ್ಕೆ ತಿರುಗಿಸಿದರು. ಕನ್ನಡದಲ್ಲಿ ಓದಲು ಪುಸ್ತಕಗಳಿಲ್ಲವೆಂಬ ಆಕ್ಷೇಪಕ್ಕೆ ಪುಸ್ತಕಗಳನ್ನು ಬರೆದು, ಬರೆಯಿಸಿ ಉತ್ತರ ಕೊಟ್ಟರು. ಷೇಕ್ಸ್‌ಪಿಯರನ ನಾಟಕವೊಂದನ್ನು “ನಗದವರನ್ನು ನಗಿಸುವ ಕಥೆ” ಎಂದು ಕನ್ನಡಿಸಿದವರೂ ಅವರೇ. ೧೮೯೦ರ ಜುಲೈ ೨೦ರಂದು ರಾ. ಹ. ದೇಶಪಾಂಡೆಯವರ ಮುಂದಾಳುತನದಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ತಲೆಯೆತ್ತಿದ್ದೂ ಇದೇ ಹಿನ್ನೆಲೆಯಲ್ಲಿ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದುಂಟು. ಚನ್ನಬಸಪ್ಪನವರಿಗಾಗಲಿ ದೇಶಪಾಂಡೆಯವರಿಗಾಗಲಿ ಮರಾಠಿಯ ಮೇಲೆ ದ್ವೇಷವಿರಲಿಲ್ಲ. ಧಾರವಾಡದ ವಿದ್ಯಾವಂತರು ಮರಾಠಿಯನ್ನು ಬಲ್ಲವರು, ಅದರ ನಾಟಕಗಳನ್ನು ನೋಡಿ ಸವಿದವರು. ಮನೆಮಾತು ಮರಾಠಿಯಾಗಿದ್ದ ದ. ರಾ. ಬೇಂದ್ರೆಯವರು ಕನ್ನಡದ ವರಕವಿಗಳಾದರು; ೧೯೪೪ರಿಂದ ೧೯೫೬ರವರೆಗೆ ಮರಾಠಿಯ ಊರಾದ ಸೊಲ್ಲಾಪುರದ ಕಾಲೇಜಿನಲ್ಲಿ ಕನ್ನಡ ಕಲಿಸಿದರು; ಮರಾಠಿಯಲ್ಲಿಯೂ ಗ್ರಂಥರಚನೆ ಮಾಡಿದರು. ಭಾಷೆಗಳ ನಡುವೆ ಇದ್ದುದು ವೈರವಲ್ಲ. ಮಗುವಿನ ತಾಯ್ನುಡಿಯ ಎಡೆಯಲ್ಲಿ ಇನ್ನೊಂದು ನುಡಿಯನ್ನು ತಂದು ಕೂರಿಸಿದ್ದೇ ಕೊರಗಿನ ಮೂಲವಾಗಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಮತ್ತೊಂದು ಬಗೆಯ ಪ್ರಯೋಗ ನಡೆಯಿತು. ೧೯೪೮ರಲ್ಲಿ ಮುಂಬಯಿ ಸರಕಾರವು ಐದರಿಂದ ಏಳನೆಯ ಇಯತ್ತೆಯವರೆಗೆ ಇಂಗ್ಲಿಷನ್ನು ತೆಗೆದು ಹಾಕಿತು. ಅಂದಿನ ಧಾರವಾಡದ ಹುಡುಗರು ಎಂಟನೆಯ ಇಯತ್ತೆಯಲ್ಲಿ ಇಂಗ್ಲಿಷ್ ಅಕ್ಷರಮಾಲೆಯನ್ನು ತಿದ್ದಿದರು. ೧೯೫೬ರ ನವಂಬರ ೧ರಂದು ನಾಡು ಒಂದಾದಾಗ, ಚಿಕ್ಕಂದಿನಿಂದ ಇಂಗ್ಲಿಷ್ ಓದಿ ಬಂದ ಇತರ ಭಾಗದವರೊಡನೆ ಇವರು ಪೈಪೋಟಿಗೆ ನಿಲ್ಲಬೇಕಾಯಿತು. ಹೇರುವುದರಿಂದ ಹೇಗೆ ಮಗುವಿಗೆ ಹಾನಿಯೋ, ಬೇಕಾದುದನ್ನು ಕಸಿದುಕೊಳ್ಳುವುದರಿಂದಲೂ ಹಾಗೆಯೇ ಹಾನಿಯೆಂಬುದನ್ನು ಆ ತಲೆಮಾರು ಅನುಭವಿಸಿ ಅರಿಯಿತು.

ಆಮೇಲೆ ಬಂದುದು ಗೋಕಾಕ ಚಳವಳಿ. ಪ್ರೌಢಶಾಲೆಯಲ್ಲಿ ಕನ್ನಡವನ್ನು ಓದದೆಯೇ, ಹೆಚ್ಚು ಅಂಕ ಬರುವುದೆಂಬ ಆಸೆಯಿಂದ ಸಂಸ್ಕೃತವನ್ನು ಮೊದಲ ಭಾಷೆಯಾಗಿ ಆಯ್ದುಕೊಂಡು ತೇರ್ಗಡೆಯಾಗುವ ದಾರಿಯಿದ್ದುದನ್ನು ಕಂಡು, ೧೯೮೦ರಲ್ಲಿ ಸರಕಾರ ವಿನಾಯಕ ಕೃಷ್ಣ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಕನ್ನಡವೇ ಪ್ರಥಮ ಭಾಷೆಯಾಗಬೇಕೆಂದು ೧೯೮೧ರಲ್ಲಿ ಸಮಿತಿ ವರದಿ ಕೊಟ್ಟಿತು. ಅದರ ಜಾರಿಗಾಗಿ ಸಾಹಿತಿಗಳು ಬೀದಿಗಿಳಿದರು. ೧೯೮೨ರಲ್ಲಿ ರಾಜಕುಮಾರರು ಸೇರಿದ ಮೇಲಂತೂ ಅದು ನಾಡಿನ ಚಳವಳಿಯೇ ಆಯಿತು. ಇಂದು ಕರ್ನಾಟಕದ ಯಾವ ಸಾಲೆಯಲ್ಲಾಗಲಿ ಮಗು ಕನ್ನಡವನ್ನು ಮೊದಲನೆಯ ಅಥವಾ ಎರಡನೆಯ ಭಾಷೆಯಾಗಿ ಓದಬೇಕೆಂದು ೨೦೧೫ರ ಕನ್ನಡ ಭಾಷಾ ಕಲಿಕೆ ಕಾಯಿದೆ ವಿಧಿಸುತ್ತದೆ.

ಈ ಕಡ್ಡಾಯ ನ್ಯಾಯವಾದುದೆಂದೇ ನನ್ನ ನಂಬಿಕೆ. ಕನ್ನಡ ಕಲಿಸುವುದೇ ಕಾಯಕವಾಗಿರುವವನ ಪಕ್ಷಪಾತವೆಂದು ವಾಚಕರು ಭಾವಿಸಬಾರದು. ಯಾವ ನೆಲದ ನೀರು ಕುಡಿಯುತ್ತೇವೆಯೋ, ಯಾವ ನೆಲದ ಕಚೇರಿ, ಆಸ್ಪತ್ರೆ, ಸಂತೆಗಳಲ್ಲಿ ಜನ ಮಾತಾಡುವ ಭಾಷೆ ಯಾವುದೋ, ಅದನ್ನರಿಯದ ಮಗು ತನ್ನ ಊರಿನಲ್ಲಿಯೇ ಪರದೇಶಿಯಾಗುತ್ತದೆ. ಅದು ಮಗುವಿಗೇ ಆಗುವ ಅನ್ಯಾಯ. ಆದರೆ ಈ ತರ್ಕ ನೆಲದ ನುಡಿಗೆ ಒಪ್ಪುವಷ್ಟು ಮೂರನೆಯ ನುಡಿಗೆ ಒಪ್ಪುವುದೆ? ಪರೀಕ್ಷಿಸೋಣ.

ಒಲಿದು ಕಲಿತ ಹಿಂದಿ, ಹೆದರಿ ಕಲಿತ ಹಿಂದಿ

೧೯೧೮ರಲ್ಲಿ ಮಹಾತ್ಮಾ ಗಾಂಧಿಯವರ ಪ್ರೇರಣೆಯಿಂದ ಮದ್ರಾಸಿನಲ್ಲಿ ಹಿಂದಿ ಪ್ರಚಾರ ಕಾರ್ಯ ಆರಂಭವಾಯಿತು. ಮುಂದೆ ಅದರಿಂದ ಬೆಳೆದ ದಕ್ಷಿಣ ಭಾರತ ಹಿಂದಿ ಪ್ರಚಾರ ಸಭೆಯ ಕರ್ನಾಟಕ ಶಾಖೆ ನಮ್ಮ ಧಾರವಾಡದಲ್ಲಿಯೇ ಇದೆ. ಪ್ರಾಥಮಿಕದಿಂದ ಮೊದಲುಗೊಂಡು ಪ್ರವೀಣದವರೆಗೆ ಮೆಟ್ಟಿಲು ಮೆಟ್ಟಿಲಾಗಿ ಪರೀಕ್ಷೆಗಳು. ಆ ದಿನಗಳಲ್ಲಿ ಖಾದಿಯುಟ್ಟ ತರುಣರೂ, ಮನೆಗೆಲಸ ಮುಗಿಸಿ ಬಂದ ಗೃಹಿಣಿಯರೂ ಇವುಗಳಿಗೆ ಕುಳಿತರು. ಯಾರೂ ಬಲವಂತ ಮಾಡಿರಲಿಲ್ಲ. ಹಿಂದಿ ಕಲಿಯುವುದು ನೂಲುವುದರಂತೆಯೇ ಒಂದು ವ್ರತವಾಗಿತ್ತು.

ಅದೇ ಹಿಂದಿಯನ್ನು ೧೯೩೮ರಲ್ಲಿ ರಾಜಾಜಿಯವರ ಸರಕಾರ ಮದ್ರಾಸು ಪ್ರಾಂತದ ೧೨೫ ಪ್ರೌಢಶಾಲೆಗಳಲ್ಲಿ ಕಡ್ಡಾಯ ಮಾಡಿತು. ಏನಾಯಿತು? ಮೆರವಣಿಗೆಗಳಾದವು, ಸೆರೆಮನೆಗಳು ತುಂಬಿದವು, ೧೯೪೦ರಲ್ಲಿ ಆಜ್ಞೆಯನ್ನು ಹಿಂತೆಗೆದುಕೊಳ್ಳಬೇಕಾಯಿತು. ೧೯೬೫ರಲ್ಲಿ ಕಿಚ್ಚು ಮತ್ತೆ ಹೊತ್ತಿಕೊಂಡಿತು. ೧೯೬೮ರಲ್ಲಿ ತಮಿಳುನಾಡು ಎರಡು ಭಾಷೆಗಳ ನೀತಿಯನ್ನೇ ಅಂಗೀಕರಿಸಿತು. ವಿಚಿತ್ರವೇನೆಂದರೆ, ಸಾಲೆಯಿಂದ ಹಿಂದಿಯನ್ನು ಹೊರಹಾಕಿದ ಆ ರಾಜ್ಯದಲ್ಲಿಯೇ ಸಭೆಯ ಪರೀಕ್ಷೆಗಳಿಗೆ ಸ್ವಂತ ಇಚ್ಛೆಯಿಂದ ಸಾವಿರಾರು ಜನ ಇಂದಿಗೂ ಕುಳಿತುಕೊಳ್ಳುತ್ತಾರೆ. ಒಂದೇ ಭಾಷೆ, ಒಂದೇ ಜನ. ಬಾಗಿಲು ತೆರೆದಿಟ್ಟಾಗ ಒಳಗೆ ಬಂದವರು, ಕೊರಳಪಟ್ಟಿ ಹಿಡಿದು ಎಳೆದಾಗ ತಿರುಗಿ ನಿಂತರು.

ನಮ್ಮ ಸಂಗೀತಗಾರರ ದೃಷ್ಟಾಂತವನ್ನೇ ನೋಡಬಹುದು. ಮಲ್ಲಿಕಾರ್ಜುನ ಮನಸೂರ, ಗಂಗೂಬಾಯಿ ಹಾನಗಲ್, ಭೀಮಸೇನ ಜೋಶಿ, ಇವರೆಲ್ಲ ಈ ಸೀಮೆಯ ಕನ್ನಡ ಮಣ್ಣಿನಲ್ಲಿ ಹುಟ್ಟಿದವರು. ಖಯಾಲಿನ ಚೀಜುಗಳ ವ್ರಜ, ಹಿಂದಿಗಳನ್ನು ಅವರು ಯಾವ ವ್ಯಾಕರಣ ಪುಸ್ತಕದಿಂದಲೂ ಕಲಿಯಲಿಲ್ಲ. ಗುರುವಿನ ಎದುರು ಕುಳಿತು ಕಿವಿಯಿಂದ ಕಲಿತರು. ಗಂಗೂಬಾಯಿಯವರ ಸಾಲೆಯ ಓದು ಪ್ರಾಥಮಿಕ ಹಂತದಲ್ಲಿಯೇ ನಿಂತುಹೋಗಿತ್ತು. ಆದರೂ ಉತ್ತರ ಹಿಂದುಸ್ತಾನದ ರಸಿಕರು ಅವರ ಉಚ್ಚಾರವನ್ನು ಕೇಳಿ ತಲೆದೂಗಿದರು. ಭೀಮಸೇನರು ಮರಾಠಿ ಅಭಂಗಗಳನ್ನು ಹಾಡಿ ಮಹಾರಾಷ್ಟ್ರದ ಮನೆಮನೆಯವರಾದರು. ದಾಸರ ಪದಗಳನ್ನು ಹಾಡಿ ನಮ್ಮವರಾಗಿಯೇ ಉಳಿದರು. ಹಂಬಲವಿದ್ದೆಡೆ ಭಾಷೆ ತಾನಾಗಿ ನಾಲಗೆಯ ಮೇಲೆ ನೆಲೆಸುತ್ತದೆ. ಹೊತ್ತುಕೊಂಡು ಹೋದ ನಾಯಿ ಮೊಲ ಹಿಡಿದೀತೆ ಎಂಬ ಹಿರಿಯರ ಮಾತು ಕಲಿಕೆಗೂ ಸಲ್ಲುತ್ತದೆ.

ಸ್ಪ್ಯಾನಿಶ್ ಕಲಿಸಿದ ಪಾಠ

ಇದು ನಮ್ಮ ದೇಶವೊಂದರ ಗೋಳೆಂದು ತಿಳಿಯಬಾರದು. ಪರದೇಶಗಳಲ್ಲಿಯೂ ಇದೇ ಪ್ರಶ್ನೆ ಎದ್ದಿದೆ. ಸ್ಪ್ಯಾನಿಶ್ ಭಾಷೆಗೆ ಸಂಬಂಧಿಸಿದ ಎರಡು ಸಂಗತಿಗಳು ನಮಗೆ ಕನ್ನಡಿಯಂತಿವೆ.

ಮೊದಲನೆಯದು ಫಿಲಿಪೈನ್ಸ್ ದ್ವೀಪಗಳದು. ಅಲ್ಲಿ ಸ್ಪೇನಿನವರು ಮೂರು ಶತಮಾನಗಳಿಗೂ ಮಿಗಿಲಾಗಿ ಆಳಿದರು. ೧೮೯೮ರಲ್ಲಿ ಅವರು ಹೋಗಿ ಅಮೆರಿಕದವರು ಬಂದರು, ಸಾಲೆಗಳಿಗೆ ಇಂಗ್ಲಿಷ್ ಬಂತು, ಸ್ಪ್ಯಾನಿಶ್ ಸೊರಗಿತು. ಆದರೆ ಆ ನಾಡಿನ ರಾಷ್ಟ್ರವೀರ ಹೊಸೆ ರಿಸಾಲ್ ೧೮೮೭ರಲ್ಲಿ ಪ್ರಕಟಿಸಿದ ಮಹಾ ಕಾದಂಬರಿ ಸ್ಪ್ಯಾನಿಶ್ ಭಾಷೆಯಲ್ಲಿದೆ. ಹಿರಿಯರ ಹೃದಯವನ್ನು ಮಕ್ಕಳು ಮೂಲದಲ್ಲಿಯೇ ಓದಬೇಡವೆ? ಉದ್ದೇಶ ಉದಾತ್ತವಾಗಿತ್ತು. ೧೯೫೦ರ ದಶಕದಲ್ಲಿ ಕಾಯಿದೆಗಳನ್ನು ಮಾಡಿ ಕಾಲೇಜು ವಿದ್ಯಾರ್ಥಿಗಳಿಗೆ ಸ್ಪ್ಯಾನಿಶನ್ನು ಕಡ್ಡಾಯಗೊಳಿಸಿದರು. ವಿದ್ಯಾರ್ಥಿಗಳು ಪಾಠ ಉರುಹೊಡೆದರು, ತೇರ್ಗಡೆಯಾದರು, ಮರೆತರು. ಮನೆಯಲ್ಲಿ ಆ ಮಾತಿಲ್ಲ, ಸಂತೆಯಲ್ಲಿಲ್ಲ, ಚಿತ್ರಮಂದಿರದಲ್ಲಿಲ್ಲ. ಕೊನೆಗೆ ೧೯೮೭ರ ಸಂವಿಧಾನವು ಸ್ಪ್ಯಾನಿಶನ್ನು ಅಧಿಕೃತ ಪೀಠದಿಂದ ಇಳಿಸಿ, ಅದನ್ನು ಇಚ್ಛೆಯುಳ್ಳವರಿಗಾಗಿ ಪ್ರೋತ್ಸಾಹಿಸತಕ್ಕದ್ದೆಂದಷ್ಟೇ ಬರೆಯಿತು. ರಿಸಾಲನನ್ನು ಅಲ್ಲಿನ ಮಕ್ಕಳು ಇಂದು ಬಹುಮಟ್ಟಿಗೆ ಅನುವಾದದಲ್ಲಿಯೇ ಓದುತ್ತಾರೆ.

ಎರಡನೆಯದು ಬ್ರೆಝಿಲ್ ದೇಶದ್ದು. ಆ ದೇಶದ ಮಾತು ಪೋರ್ತುಗೀಸ್. ಸುತ್ತಲಿನ ನೆರೆಯವರಲ್ಲಿ ಬಹುಪಾಲು ಜನರ ಮಾತು ಸ್ಪ್ಯಾನಿಶ್. ೨೦೦೫ರಲ್ಲಿ ಅಲ್ಲಿ ಒಂದು ಕಾಯಿದೆ ಬಂತು. ಅದರ ಒಕ್ಕಣೆ ಬಹು ಅರ್ಥವತ್ತಾದುದು: ಪ್ರೌಢ ಹಂತದ ಪ್ರತಿಯೊಂದು ಸಾಲೆಯೂ ಸ್ಪ್ಯಾನಿಶ್ ಕಲಿಸುವ ವ್ಯವಸ್ಥೆಯನ್ನು ಕಡ್ಡಾಯವಾಗಿ ಮಾಡತಕ್ಕದ್ದು, ಕಲಿಯುವುದು, ಬಿಡುವುದು ವಿದ್ಯಾರ್ಥಿಯ ಇಚ್ಛೆಗೆ ಸೇರಿದ್ದು. ಅಂದರೆ ಹೊರೆ ಸಾಲೆಯ ಹೆಗಲಿಗೆ, ಹಕ್ಕು ಮಗುವಿನ ಕೈಗೆ! ೨೦೧೭ರಲ್ಲಿ ಶಿಕ್ಷಣ ಸುಧಾರಣೆಯ ಹೆಸರಿನಲ್ಲಿ ಆ ಕಾಯಿದೆಯನ್ನು ರದ್ದುಗೊಳಿಸಲಾಯಿತೆಂಬುದು ನಿಜ. ಬೇಕಾದಷ್ಟು ಶಿಕ್ಷಕರನ್ನು ಒದಗಿಸುವುದು ಸುಲಭವಾಗಿರಲಿಲ್ಲ. ಕಾಯಿದೆ ಅಳಿದರೂ ಅದರ ಹಿಂದಿನ ವಿವೇಕ ಅಳಿಯಬೇಕಿಲ್ಲ. ನಮಗೆ ಬೇಕಾದ ಸೂತ್ರ ಅಲ್ಲಿ ಅಡಗಿದೆ.

ಕಾಗದದ ಮೇಲಿನ ಆಯ್ಕೆ

“ನಮ್ಮಲ್ಲಿಯೂ ಆಯ್ಕೆಯುಂಟಲ್ಲ!” ಎಂದು ಬಲ್ಲವರು ಆಕ್ಷೇಪಿಸಬಹುದು. ಉಂಟು. ಕರ್ನಾಟಕದ ಹತ್ತನೆಯ ಇಯತ್ತೆಯ ಪರೀಕ್ಷೆಯಲ್ಲಿ ಮೊದಲನೆಯ ಭಾಷೆಗೆ ೧೨೫, ಎರಡನೆಯದಕ್ಕೂ ಮೂರನೆಯದಕ್ಕೂ ತಲಾ ೧೦೦ ಅಂಕಗಳೆಂಬ ಹಂಚಿಕೆ ಬಹುಕಾಲ ನಡೆದುಬಂದಿದೆ. ಮೂರನೆಯ ಭಾಷೆಯ ಯಾದಿಯಲ್ಲಿ ಹಿಂದಿಯಲ್ಲದೆ ಕನ್ನಡ, ಇಂಗ್ಲಿಷ್, ಉರ್ದು, ಸಂಸ್ಕೃತ, ಅರಬ್ಬೀ, ಕೊಂಕಣಿ, ತುಳುಗಳೂ ಇವೆ. ಯಾದಿ ನೋಡಿದರೆ ಮದುವೆಮನೆಯ ಎಲೆಯಂತೆ ತುಂಬಿದೆ. ಆದರೆ ಸಾಲೆಗೆ ಹೋಗಿ ನೋಡಿದರೆ ಬಹಳ ಕಡೆಗಳಲ್ಲಿ ಇರುವವರು ಹಿಂದಿ ಮಾಸ್ತರರೊಬ್ಬರೇ. ಮಾಸ್ತರರಿಲ್ಲದ ಭಾಷೆಯನ್ನು ಮಗು ಆಯ್ದುಕೊಳ್ಳುವುದೆಂತು? ಕಾಯಿದೆ ಹಿಂದಿಯನ್ನು ಹೇರಿಲ್ಲ, ನಿಜ. ಬೇರೆ ಬಾಗಿಲುಗಳಿಗೆ ಬೀಗ ಹಾಕಿಟ್ಟರೆ ತೆರೆದ ಬಾಗಿಲೊಂದೇ ಕಡ್ಡಾಯವಾಗುತ್ತದೆ.

ದುಡ್ಡುಳ್ಳವರ ಮಕ್ಕಳಿಗಾದರೋ ಬೇರೆ ಮಾತು. ೨೦೨೦ರ ನೀತಿಯು ಪ್ರೌಢ ಹಂತದಲ್ಲಿ ಕಲಿಸಬಹುದಾದ ಪರದೇಶದ ಭಾಷೆಗಳೆಂದು ಕೊರಿಯನ್, ಜಪಾನಿ, ಥಾಯ್, ಫ್ರೆಂಚ್, ಜರ್ಮನ್, ಸ್ಪ್ಯಾನಿಶ್, ಪೋರ್ತುಗೀಸ್, ರಶಿಯನ್ ಭಾಷೆಗಳನ್ನು ಹೆಸರಿಸಿದೆ. ದೊಡ್ಡ ಊರುಗಳ ದುಬಾರಿ ಸಾಲೆಗಳಲ್ಲಿ ಇವುಗಳಲ್ಲಿ ಕೆಲವು ದೊರೆಯುತ್ತವೆ. ಕುಂದಗೋಳದ ಅಥವಾ ಕಲಘಟಗಿಯ ಸರಕಾರಿ ಸಾಲೆಯ ಬುದ್ಧಿವಂತ ಹುಡುಗಿ ಜರ್ಮನ್ ಕಲಿಯಬೇಕೆಂದರೆ ಯಾರನ್ನು ಕೇಳಬೇಕು? ಕನ್ನಡ ನಿಘಂಟನ್ನು ೧೮೯೪ರಲ್ಲಿ ನಮಗೆ ಕೊಟ್ಟ ಕಿಟೆಲ್ ಜರ್ಮನಿಯವರು. ಅವರ ಹೆಸರಿನ ಕಾಲೇಜು ಧಾರವಾಡದಲ್ಲಿದೆ. ಅಲ್ಲಿಂದ ಒಬ್ಬರು ಬಂದು ನಮ್ಮ ಭಾಷೆಯ ಆಳಕ್ಕಿಳಿದರು. ಇಲ್ಲಿಂದ ನಮ್ಮ ಮಗಳೊಬ್ಬಳು ಅತ್ತ ನೋಡಬಾರದೆ? ಆದರೆ ಈ ಆಯ್ಕೆಗಳನ್ನು ಮೇಲಿನವರು ಕೊಟ್ಟು ಕಸಿದುಕೊಳ್ಳುವ ಆಟ ನಡೆಯಕೂಡದು. ೨೦೧೪ರಲ್ಲಿ ಕೇಂದ್ರೀಯ ವಿದ್ಯಾಲಯಗಳಲ್ಲಿ ಮೂರನೆಯ ಭಾಷೆಯಾಗಿ ಜರ್ಮನ್ ಓದುತ್ತಿದ್ದ ಮಕ್ಕಳನ್ನು ವರ್ಷದ ನಡುವೆ ಸಂಸ್ಕೃತದತ್ತ ತಿರುಗಿಸಲು ನಿರ್ಧರಿಸಿದಾಗ, ಅದು ನ್ಯಾಯಾಲಯದವರೆಗೂ ಹೋಯಿತು. ಜರ್ಮನ್ ದೊಡ್ಡದೋ ಸಂಸ್ಕೃತ ದೊಡ್ಡದೋ ಎಂದು ಹಿರಿಯರು ಕಾದಾಡಿದರು. ಮಗುವನ್ನು ಕೇಳಿದವರು ಕಡಿಮೆ.

“ತೆಗೆದುಬಿಡಿ” ಎಂಬುದೂ ಪರಿಹಾರವಲ್ಲ

ಇಷ್ಟೆಲ್ಲ ಹೇಳಿದ ಮೇಲೆ, “ಹಾಗಾದರೆ ಮೂರನೆಯ ಭಾಷೆಯನ್ನೇ ಕಿತ್ತುಹಾಕಿದರಾಯಿತು” ಎಂದು ಕೆಲವರು ಹೇಳಬಹುದು. ಅಷ್ಟು ಸರಳವಲ್ಲ. ಹಳೇ ಹುಬ್ಬಳ್ಳಿಯ ಉರ್ದು ಮಾಧ್ಯಮದ ಸಾಲೆಯತ್ತ ನೋಡೋಣ. ಅಲ್ಲಿನ ಮಗುವಿಗೆ ಉರ್ದು ಮೊದಲನೆಯದು, ಇಂಗ್ಲಿಷ್ ಎರಡನೆಯದು ಆದರೆ, ಕನ್ನಡ ಬರುವುದು ಮೂರನೆಯದಾಗಿ. ಬೆಳಗಾವಿಯ ಸೀಮೆಯ ಮರಾಠಿ ಸಾಲೆಗಳಲ್ಲಿಯೂ ಇದೇ ಕ್ರಮ ರೂಢಿಯಲ್ಲಿದೆ. ೨೦೧೧ರ ಜನಗಣತಿಯಂತೆ ಕರ್ನಾಟಕದಲ್ಲಿ ಕನ್ನಡ ತಾಯ್ನುಡಿಯವರು ನೂರಕ್ಕೆ ಸುಮಾರು ೬೬. ಉರ್ದು ತಾಯ್ನುಡಿಯವರು ನೂರಕ್ಕೆ ಸುಮಾರು ೧೧. ಮೂರನೆಯ ಭಾಷೆಯನ್ನು ಹಿಂದೆಮುಂದೆ ನೋಡದೆ ಕಿತ್ತರೆ ಹಿಂದಿ ಹೋಗುವುದೇನೋ ನಿಜ. ಜೊತೆಗೆ ಎಷ್ಟೋ ಮಕ್ಕಳ ಪಾಲಿಗೆ ಕನ್ನಡದ ಬಾಗಿಲೂ ಮುಚ್ಚುವ ಭಯವಿದೆ. ಹಾಗಾಗದಂತೆ ಕನ್ನಡವನ್ನು ಎರಡನೆಯ ಎಡೆಗೆ ಏರಿಸಿದರೆ ಇಂಗ್ಲಿಷಿನ ಗತಿಯೇನೆಂದು ಆ ತಾಯಿತಂದೆಗಳು ಕೇಳುತ್ತಾರೆ. ಆ ಪ್ರಶ್ನೆಯೂ ನ್ಯಾಯವೇ.

ಇನ್ನು ಹಿಂದಿ ಮಾಸ್ತರರ ಮಾತು. ಸರಕಾರವನ್ನು ನಂಬಿ ಪದವಿ ಪಡೆದು, ಹಳ್ಳಿಯ ಸಾಲೆಗಳಲ್ಲಿ ವರುಷಗಟ್ಟಲೆ ದುಡಿದವರನ್ನು ಒಂದು ಆಜ್ಞೆಯಿಂದ ಬೀದಿಗೆ ಹಾಕುವುದು ಸರಿಯಲ್ಲ. ಹಿಂದಿಯೂ ನಮಗೆ ಶತ್ರುವಲ್ಲ. ಹುಬ್ಬಳ್ಳಿ ನೈಋತ್ಯ ರೇಲ್ವೆಯ ಮುಖ್ಯ ಠಾಣೆ. ಸೈನ್ಯ, ರೇಲ್ವೆ, ಬ್ಯಾಂಕುಗಳ ನೌಕರಿ ಹಿಡಿದು ಉತ್ತರಕ್ಕೆ ಹೋಗುವ ನಮ್ಮ ತರುಣರಿಗೆ ಹಿಂದಿ ಬಂದರೆ ಅನುಕೂಲವೆಂಬುದು ನಿರ್ವಿವಾದ. ಅನುಕೂಲವನ್ನು ಅರಿತವರು ಆಯ್ದುಕೊಳ್ಳುತ್ತಾರೆ. ಆಯ್ದುಕೊಂಡವರಿಗೆ ಚೆನ್ನಾಗಿ ಕಲಿಸುವ ಸುಯೋಗ ಆ ಮಾಸ್ತರರಿಗೂ ದೊರೆಯುತ್ತದೆ.

ಗಡಿಯಾಚೆಯ ಕನ್ನಡಿ

ಕಡ್ಡಾಯವನ್ನು ಕುರಿತು ಮಾತಾಡುವಾಗ ನಾವು ಕನ್ನಡಿಗರು ಒಮ್ಮೆ ಗಡಿಯಾಚೆಗೂ ನೋಡಬೇಕು. ೨೦೧೭ರಲ್ಲಿ ಕೇರಳವು ಎಲ್ಲ ಸಾಲೆಗಳಲ್ಲಿ ಮಲೆಯಾಳವನ್ನು ಕಡ್ಡಾಯಗೊಳಿಸಲು ಹೊರಟಾಗ ಕಾಸರಗೋಡಿನ ಕನ್ನಡಿಗರು ಕಳವಳಗೊಂಡರು. ನಾವೆಲ್ಲ ಅವರ ಪರವಾಗಿ ದನಿಯೆತ್ತಿದೆವು. ೨೦೨೦ರಲ್ಲಿ ಮಹಾರಾಷ್ಟ್ರವು ಎಲ್ಲ ಸಾಲೆಗಳಲ್ಲಿ ಮರಾಠಿಯನ್ನು ಕಡ್ಡಾಯ ಮಾಡಿತು. ಜತ್ತ, ಅಕ್ಕಲಕೋಟೆಗಳ ಕನ್ನಡ ಸಾಲೆಗಳ ಮಕ್ಕಳಿಗೂ ಅದು ತಗಲುತ್ತದೆ. ಅದೇ ಮಹಾರಾಷ್ಟ್ರ ೨೦೨೫ರಲ್ಲಿ ಒಂದನೆಯ ಇಯತ್ತೆಯಿಂದಲೇ ಹಿಂದಿಯನ್ನು ತರಲು ಹೋಗಿ, ಜನರ ವಿರೋಧಕ್ಕೆ ಮಣಿದು, ಜೂನ್ ತಿಂಗಳಲ್ಲಿ ಆಜ್ಞೆಯನ್ನು ಹಿಂತೆಗೆದುಕೊಂಡಿತು. ತನ್ನ ಮೇಲೆ ಬಂದರೆ ಹೇರಿಕೆ, ತಾನು ಮಾಡಿದರೆ ರಕ್ಷಣೆ ಎಂಬ ನ್ಯಾಯ ಹೆಚ್ಚು ದಿನ ನಡೆಯದು.

ಆದುದರಿಂದ ಗಡಿಯ ಎರಡೂ ಬದಿಗೆ ಒಪ್ಪುವ ಒಂದೇ ಅಳತೆಗೋಲು ಬೇಕು. ಅದು ಹೀಗಿರಬಹುದು. ಮಗುವಿನ ತಾಯ್ನುಡಿಯನ್ನು ಯಾರೂ ಕಸಿಯಕೂಡದು. ತಾನು ಬಾಳುವ ನೆಲದ ನುಡಿಯನ್ನು ಮಗು ಕಲಿಯಬೇಕು; ಆದರೆ ಆ ಕಲಿಕೆ ತಾಯ್ನುಡಿಯ ಎಡೆಯನ್ನು ಆಕ್ರಮಿಸಕೂಡದು. ಇಂಗ್ಲಿಷನ್ನು ಇಂದಿನ ಲೋಕದಲ್ಲಿ ಯಾವ ಬಡ ತಂದೆಯೂ ಬಿಡಲು ಒಪ್ಪುವುದಿಲ್ಲ. ಕಾಸರಗೋಡಿನ ಕನ್ನಡ ಮಗುವಿಗೂ ಹಳೇ ಹುಬ್ಬಳ್ಳಿಯ ಉರ್ದು ಮಗುವಿಗೂ ಈ ಲೆಕ್ಕದಲ್ಲಿಯೇ ಮೂರು ಭಾಷೆಗಳಾದವು. ಮನೆಮಾತೂ ನೆಲದ ಮಾತೂ ಒಂದೇ ಆಗಿರುವ ಮಗುವಿಗೆ ಎರಡು ಭಾಷೆಗಳಲ್ಲಿ ಇದು ಮುಗಿಯುತ್ತದೆ. ಅದರ ಆಚೆಗೆ ಉಳಿದುದನ್ನು, ಹಿಂದಿಯಾಗಲಿ, ಸಂಸ್ಕೃತವಾಗಲಿ, ಮರಾಠಿಯಾಗಲಿ, ಸ್ಪ್ಯಾನಿಶ್ ಆಗಲಿ, ಮಗುವಿನ ಮೇಲೆ ಕಡ್ಡಾಯ ಮಾಡಬಾರದು. ಅದನ್ನು ಕಲಿಸುವ ಏರ್ಪಾಡನ್ನು ಮಾತ್ರ ಸಾಲೆಯ ಮೇಲೆ, ಸರಕಾರದ ಮೇಲೆ ಕಡ್ಡಾಯ ಮಾಡಬೇಕು.

ನಡೆಯುವ ಮಾತೆ ಇದು?

“ಪ್ರತಿ ಸಾಲೆಗೂ ಹತ್ತು ಭಾಷೆಯ ಮಾಸ್ತರರನ್ನು ಎಲ್ಲಿಂದ ತರುವುದು?” ಎಂಬ ಪ್ರಶ್ನೆ ಸಹಜ. ತರಬೇಕಾಗಿಲ್ಲ. ೧೯೬೨ರಲ್ಲಿ ಹುಬ್ಬಳ್ಳಿ, ಧಾರವಾಡಗಳನ್ನು ಕೂಡಿಸಿ ಒಂದೇ ಮಹಾನಗರಪಾಲಿಕೆ ಮಾಡಿದೆವು. ಈ ಊರುಗಳ ಸಾಲೆಗಳು ಒಂದಕ್ಕೊಂದು ಕೂಗಳತೆಯಲ್ಲಿವೆ. ನಾಲ್ಕೈದು ಸಾಲೆಗಳ ಗುಂಪಿಗೆ ಮರಾಠಿಯ ಒಬ್ಬರು, ಸಂಸ್ಕೃತದ ಒಬ್ಬರು, ಉರ್ದುವಿನ ಒಬ್ಬರು ವಾರದಲ್ಲಿ ಗೊತ್ತಾದ ದಿನಗಳಲ್ಲಿ ತಿರುಗಿ ಕಲಿಸುವುದು ಅಸಾಧ್ಯವಲ್ಲ. ಹಿಂದಿ ಮಾಸ್ತರರಂತೂ ಇದ್ದೇ ಇದ್ದಾರೆ. ಇಷ್ಟು ಜನ ಮಕ್ಕಳು ಒಂದು ಭಾಷೆಯನ್ನು ಕೇಳಿದರೆ ಅದಕ್ಕೆ ಶಿಕ್ಷಕರನ್ನು ಕೊಡಲೇಬೇಕೆಂಬ ನಿಯಮವಿರಲಿ. ಹಳ್ಳಿಗಳಲ್ಲಿ ಇದು ಕಷ್ಟವೆಂಬುದು ನಿಜ. ಅಲ್ಲಿ ಹೋಬಳಿಗೊಂದು ಸಾಲೆಯಿಂದ ಮೊದಲು ಮಾಡಬಹುದು.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದುದು. ಆಯ್ಕೆ ಕೊಟ್ಟರೆ ಮಕ್ಕಳು ಪ್ರೀತಿಯಿಂದ ಆಯ್ದುಕೊಳ್ಳುವುದಿಲ್ಲ, ಅಂಕ ಎಲ್ಲಿ ಅಗ್ಗವೋ ಅಲ್ಲಿಗೆ ಓಡುತ್ತಾರೆ ಎಂಬುದು ಆ ಆಕ್ಷೇಪ. ಗೋಕಾಕ ವರದಿಯ ಹಿಂದಿನ ಕಥೆಯೇ ಇದಕ್ಕೆ ಸಾಕ್ಷಿ. ಒಪ್ಪಿದೆ. ಆದರೆ ರೋಗವಿರುವುದು ಆಯ್ಕೆಯಲ್ಲಲ್ಲ, ಅಂಕದಲ್ಲಿ. ಇಚ್ಛೆಯಿಂದ ಕಲಿಯುವ ಭಾಷೆಯ ಅಂಕಗಳನ್ನು ಒಟ್ಟು ಅಂಕಗಳಿಗೆ ಸೇರಿಸದಿದ್ದರೆ, ಅದರಲ್ಲಿ ನಪಾಸಾದ ಮಗುವನ್ನು ಇಡೀ ಪರೀಕ್ಷೆಯಲ್ಲಿ ನಪಾಸು ಮಾಡದಿದ್ದರೆ, ಅಂಕದಾಸೆಯ ಆಯ್ಕೆ ತಾನಾಗಿ ನಿಲ್ಲುತ್ತದೆ. ಬರೆದು ಒಪ್ಪಿಸುವ ಪರೀಕ್ಷೆಯ ಬದಲು, ಮಗು ಆ ಭಾಷೆಯಲ್ಲಿ ಐದು ನಿಮಿಷ ಮಾತಾಡಿತೆ, ಒಂದು ಪುಟ್ಟ ಕಥೆಯನ್ನು ಓದಿ ತಿಳಿದು ಹೇಳಿತೆ ಎಂದು ನೋಡುವುದು ಮೇಲು.

ಮೂರನೆಯ ಆಕ್ಷೇಪ: “ಕಡ್ಡಾಯವಿಲ್ಲದಿದ್ದರೆ ಮಕ್ಕಳು ಏನನ್ನೂ ಕಲಿಯುವುದಿಲ್ಲ.” ದುರ್ಗದ ಬೈಲಿನ ವ್ಯಾಪಾರಿಯನ್ನು ಕಂಡವರು ಈ ಮಾತನ್ನು ಒಪ್ಪಲಾರರು. ಮಕ್ಕಳು ಕಲಿಯಲೊಲ್ಲದವರಲ್ಲ, ಉಪಯೋಗವಾಗಲಿ ರುಚಿಯಾಗಲಿ ಕಾಣದ್ದನ್ನು ಕಲಿಯಲೊಲ್ಲದವರು. ಮನೆಮಾತು ಕೊಂಕಣಿಯಾಗಿದ್ದ ಗಿರೀಶ ಕಾರ್ನಾಡರು ಧಾರವಾಡದಲ್ಲಿ ಬೆಳೆದು ಕನ್ನಡ ನಾಟಕಕಾರರಾದರು. ತಮಿಳು ಮನೆಮಾತಿನ ಮಾಸ್ತಿಯವರು ಕನ್ನಡದ ಆಸ್ತಿಯಾದರು. ನೆಲ ಅವರನ್ನು ಕರೆಯಿತು, ಅವರು ಓಗೊಟ್ಟರು.

ಎಂಟು ಲಕ್ಷಕ್ಕೂ ಮಿಕ್ಕಿದ ಮಕ್ಕಳು ಪ್ರತಿವರುಷ ನಮ್ಮ ರಾಜ್ಯದಲ್ಲಿ ಹತ್ತನೆಯ ಇಯತ್ತೆಯ ಪರೀಕ್ಷೆಗೆ ಕೂಡುತ್ತಾರೆ. ಅವರು ಒಬ್ಬೊಬ್ಬರೂ ಐದು ವರುಷ ಮೂರನೆಯ ಭಾಷೆಗೆಂದು ಕೊಟ್ಟ ಹೊತ್ತನ್ನು ಕೂಡಿಸಿ ನೋಡಿದರೆ ಎದೆ ಝಲ್ಲೆನ್ನುತ್ತದೆ. ಆ ಹೊತ್ತಿನಲ್ಲಿ ಒಬ್ಬನು ಮರಾಠಿ ಕಲಿತು ತುಕಾರಾಮನನ್ನು ಓದಬಹುದಾಗಿತ್ತು. ಒಬ್ಬಳು ಉರ್ದು ಕಲಿತು ಓಣಿಯ ಗೆಳತಿಗೆ ಅವಳ ಲಿಪಿಯಲ್ಲಿಯೇ ಪತ್ರ ಬರೆಯಬಹುದಾಗಿತ್ತು. ಇನ್ನೊಬ್ಬನು ಹಿಂದಿಯನ್ನೇ ಮನಃಪೂರ್ವಕ ಕಲಿತು ಪ್ರೇಮಚಂದರ ಕಥೆಗಳನ್ನು ಸವಿಯಬಹುದಾಗಿತ್ತು. ಇವರಲ್ಲಿ ಯಾರನ್ನೂ ನಾವು ಕೇಳಲಿಲ್ಲ. ಸರಕಾರ ಹೊಸ ಭಾಷಾನೀತಿಯನ್ನು ಬರೆಯಲು ಕೂಡುವಾಗ ಎರಡೋ ಮೂರೋ ಎಂಬ ಎಣಿಕೆಯನ್ನು ಆಮೇಲೆ ಮಾಡಲಿ. ಮೊದಲು, “ಮಗೂ, ನಿನಗೆ ಯಾವುದು ಬೇಕು?” ಎಂದು ಕೇಳಿ, ಅದು ಹೇಳಿದ ಭಾಷೆಯ ಮಾಸ್ತರರನ್ನು ತಂದು ಕೊಡುವ ಹೊಣೆಯನ್ನು ತನ್ನ ಮೇಲೆ ಕಡ್ಡಾಯವಾಗಿ ಹೊತ್ತುಕೊಳ್ಳಲಿ.